ಅಪ್ಪನ ಕ್ಯಾಸೆಟ್‌ಗಳು: ಉಳಿಸುವುದು ಹೇಗೆ, ಹಂಚುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮ ತಂದೆಯವರು ಧಾರವಾಡದಲ್ಲಿ ಹೈಸ್ಕೂಲು ಮಾಸ್ತರರಾಗಿದ್ದರು. ಎಂಟು ತಿಂಗಳ ಹಿಂದೆ ತೀರಿಕೊಂಡರು. ಅವರ ಕಪಾಟಿನಲ್ಲಿ ಸುಮಾರು 200 ಕ್ಯಾಸೆಟ್‌ಗಳೂ 30 ಗ್ರಾಮಫೋನ್ ಪ್ಲೇಟುಗಳೂ ಇವೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರಿಂದ ಹಿಡಿದು ಕಾಳಿಂಗ ನಾವಡರ ಯಕ್ಷಗಾನ, ಸಿ. ಅಶ್ವಥ್ ಅವರ ಭಾವಗೀತೆ, ಪಿ.ಬಿ. ಶ್ರೀನಿವಾಸ್ ಅವರ ಚಿತ್ರಗೀತೆಗಳವರೆಗೆ ಎಲ್ಲವೂ ಇದೆ. ಹೆಚ್ಚಿನವು ಅಂಗಡಿಯಿಂದ ಕೊಂಡವು, ಕೆಲವು ಆಕಾಶವಾಣಿಯಿಂದ ತುಂಬಿಸಿಕೊಂಡವು. ಏಳೆಂಟು ಕ್ಯಾಸೆಟ್‌ಗಳಲ್ಲಿ ನಮ್ಮ ಮನೆಯಲ್ಲೇ ನಡೆದ ಬೈಠಕ್‌ಗಳ ಗಾಯನವಿದೆ. ಅಪ್ಪನ ವರ್ಷಾಂತಿಕದ ಹೊತ್ತಿಗೆ ಇವನ್ನು ಬಂಧುಗಳಿಗೂ ಸಂಗೀತಪ್ರಿಯರಿಗೂ ಹಂಚಬೇಕೆಂದು ಆಸೆ. ಹೊರದೇಶದಲ್ಲಿರುವ ತಮ್ಮ, ಗಾಯಕರ ಹೆಸರು ಹಾಕಿ, ಹಣ ಮಾಡದೆ ಯೂಟ್ಯೂಬಿಗೆ ಏರಿಸಿದರೆ ಯಾರೂ ಕೇಳುವುದಿಲ್ಲ ಎನ್ನುತ್ತಾನೆ. ಅವನು ಎರಡು ಕ್ಯಾಸೆಟ್‌ಗಳನ್ನು ಯಾವುದೋ ಆ್ಯಪ್‌ನಲ್ಲಿ ‘ಸ್ವಚ್ಛ’ ಮಾಡಿ ಕಳಿಸಿದ. ಅಮ್ಮ ಕೇಳಿ, ‘ಇದು ಅವರು ಕೇಳುತ್ತಿದ್ದ ಹಾಡಲ್ಲ’ ಎಂದರು. 20 ವರ್ಷ ದಾಟಿದ ಕ್ಯಾಸೆಟ್ ಹಾಳಾಗಿಯೇ ಇರುತ್ತದೆ ಎಂದು ಅಂಗಡಿಯವರೊಬ್ಬರು ಹೆದರಿಸಿದ್ದಾರೆ. ಮನ್ಸೂರರನ್ನೂ ಸಿನಿಮಾ ಹಾಡನ್ನೂ ಒಂದೇ ಸಾಲಿನಲ್ಲಿಡುವುದು ಅಗೌರವ ಎಂಬುದು ಚಿಕ್ಕಪ್ಪನವರ ಆಕ್ಷೇಪ. ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಚಿಂತೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಟೇಪು ಕೈಬಿಡುವ ಮೊದಲು ಹಾಡುಗಳನ್ನು ಉಳಿಸಿಕೊಳ್ಳಬೇಕು, ಉಳಿಸುವ ಭರದಲ್ಲಿ ಹಾಡೇ ಬೇರೆಯಾಗಬಾರದು, ಹಂಚುವಾಗ ಕಾನೂನಿಗೂ ಕಲಾವಿದರಿಗೂ ತಪ್ಪಿ ನಡೆಯಬಾರದು. ಹಳೆಯ ಧ್ವನಿಮುದ್ರಣಗಳನ್ನು ಡಿಜಿಟಲ್ ರೂಪಕ್ಕೆ ತರುವುದೇ ನನ್ನ ವೃತ್ತಿ. ಇಂಥ ಕಪಾಟುಗಳನ್ನು ಹೊತ್ತು ಬರುವ ಮನೆಯವರಲ್ಲಿ ಹೆಚ್ಚಿನವರು ಕೇಳುವುದು ಮೊದಲನೆಯದನ್ನು ಮಾತ್ರ. ಉಳಿದೆರಡನ್ನೂ ನೀವು ಕೇಳಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ನಿಮ್ಮ ತಾಯಿಯವರ ಮಾತಿನಿಂದಲೇ ಆರಂಭಿಸುವುದು ಸರಿ, ಏಕೆಂದರೆ ಅವರ ಕಿವಿ ಹೇಳಿದ್ದು ನಿಜ. ಸದ್ದು ತೆಗೆಯುವ ತಂತ್ರಾಂಶಗಳಲ್ಲಿ ಬಹುಪಾಲು, ಏರಿಳಿತವಿಲ್ಲದೆ ನಿರಂತರವಾಗಿ ಕೇಳಿಸುವ ಸದ್ದನ್ನು ಹುಡುಕಿ ಅಳಿಸುತ್ತವೆ. ಟೇಪಿನ ‘ಸ್‌ಸ್’ ಎಂಬ ಸದ್ದು ನಿರಂತರವಾದದ್ದು. ತಂಬೂರಿಯ ನಾದವೂ ನಿರಂತರವಾದದ್ದೇ. ಮನುಷ್ಯರ ಮಾತನ್ನು ಸ್ಪಷ್ಟಗೊಳಿಸಲೆಂದು ರೂಪಿಸಿದ ಆ್ಯಪ್‌ಗಳಿಗೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ತಂಬೂರಿ ಕರಗಿಹೋಗುತ್ತದೆ, ಹಾರ್ಮೋನಿಯಮ್ಮಿನ ಹಿಡಿದಿಟ್ಟ ಸ್ವರ ಅಲುಗಾಡುತ್ತದೆ, ತಬಲಾದ ಅನುರಣನ ಒಣಗುತ್ತದೆ, ಗಾಯಕರು ಸ್ವರದ ಕೊನೆಯನ್ನು ಮೆಲ್ಲನೆ ತಂಬೂರಿಯೊಳಗೆ ಬೆರೆಸುವ ಜಾಗದಲ್ಲಿ ಧ್ವನಿ ಕತ್ತರಿಸಿದಂತೆ ನಿಂತುಹೋಗುತ್ತದೆ. ಚಿತ್ರಗೀತೆಯಲ್ಲಿ ಈ ನಷ್ಟ ಅಷ್ಟಾಗಿ ಕಾಣದು. ಖಯಾಲಿನಲ್ಲಿ, ಅಂದರೆ ರಾಗವನ್ನು ವಿಸ್ತರಿಸಿ ಹಾಡುವ ಹಿಂದೂಸ್ತಾನಿ ಗಾಯನದಲ್ಲಿ, ಹಾಡಿನ ನೆಲವೇ ಕುಸಿಯುತ್ತದೆ. ನಿಮ್ಮ ತಮ್ಮನವರ ಪ್ರಯತ್ನ ಪ್ರೀತಿಯಿಂದಲೇ ಬಂದದ್ದು, ಆದರೆ ಆ ಎರಡು ಕ್ಯಾಸೆಟ್‌ಗಳನ್ನು ಮೊದಲಿನಿಂದ ಪ್ರತಿ ಮಾಡಿಸಿ. ಮೂಲ ಪ್ರತಿಯಲ್ಲಿ ಸದ್ದು ಇರುವಂತೆಯೇ ಇರಲಿ. ಸ್ವಚ್ಛಗೊಳಿಸುವುದಾದರೆ ಹಂಚುವ ಪ್ರತಿಯಲ್ಲಿ ಮಾತ್ರ, ಅದೂ ಮಿತವಾಗಿ.

ಕ್ಯಾಸೆಟ್‌ನ ಧ್ವನಿ ಮಂಕಾಗಿ, ಕಂಬಳಿ ಹೊದ್ದಂತೆ ಕೇಳಿಸುತ್ತಿದ್ದರೆ ಟೇಪು ಸತ್ತಿತೆಂದು ಕೂಡಲೇ ತೀರ್ಮಾನಿಸಬೇಡಿ. ನಿಮ್ಮ ತಂದೆಯವರು ತುಂಬಿಸಿಕೊಂಡ ಯಂತ್ರದ ಹೆಡ್ಡಿನ (ಟೇಪಿಗೆ ತಾಗಿ ಧ್ವನಿಯನ್ನು ಬರೆಯುವ, ಓದುವ ಭಾಗ) ಕೋನಕ್ಕೂ ಈಗ ನುಡಿಸುತ್ತಿರುವ ಯಂತ್ರದ ಹೆಡ್ಡಿನ ಕೋನಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಧ್ವನಿಯ ಎತ್ತರದ ಭಾಗ ಬಹುಪಾಲು ಮಾಯವಾಗುತ್ತದೆ. ಹೆಡ್ಡಿನ ಪಕ್ಕದಲ್ಲಿರುವ ಸಣ್ಣ ತಿರುಪನ್ನು ಕೇಳುತ್ತ ಕೇಳುತ್ತ ತಿರುಗಿಸಿ ಸರಿಹೊಂದಿಸಿದರೆ ಎಷ್ಟೋ ಸಲ ಅದೇ ಟೇಪಿನಿಂದ ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಎದ್ದು ಬರುತ್ತದೆ. ಪ್ರತಿ ಮಾಡಿಸಲು ಹೋದಾಗ ‘ಪ್ರತಿ ಕ್ಯಾಸೆಟ್‌ಗೂ ಹೆಡ್ಡಿನ ಕೋನ ಹೊಂದಿಸುತ್ತೀರಾ?’ ಎಂದು ಕೇಳಿ. ಪ್ರಶ್ನೆಯೇ ಅರ್ಥವಾಗದ ಅಂಗಡಿಗೆ ನಿಮ್ಮ ಬೈಠಕ್ ಕ್ಯಾಸೆಟ್‌ಗಳನ್ನು ಕೊಡಬೇಡಿ. ಕಂಪ್ಯೂಟರಿಗೆ ನೇರವಾಗಿ ಜೋಡಿಸುವ ಅಗ್ಗದ ಪುಟ್ಟ ಪ್ಲೇಯರ್‌ಗಳನ್ನೂ ನಾನು ಸಲಹೆ ಮಾಡುವುದಿಲ್ಲ. ಅವುಗಳ ವೇಗ ಸ್ಥಿರವಾಗಿರುವುದಿಲ್ಲ, ಶ್ರುತಿ ಅಲುಗುತ್ತದೆ.

20 ವರ್ಷಕ್ಕೆ ಕ್ಯಾಸೆಟ್ ಹಾಳಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಿಸಿಲು, ತೇವ, ಸ್ಪೀಕರಿನ ಅಯಸ್ಕಾಂತ ಇವುಗಳಿಂದ ದೂರವಿಟ್ಟ 1970ರ ದಶಕದ ಕ್ಯಾಸೆಟ್‌ಗಳು ಇಂದಿಗೂ ಚೆನ್ನಾಗಿಯೇ ನುಡಿಯುತ್ತವೆ. ಮೊದಲು ಕೈಕೊಡುವುದು ಟೇಪಲ್ಲ, ಅದರ ಸುತ್ತಲಿನ ಸಾಮಾನು. ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಬೆರಳುಗುರಿಗಿಂತ ಚಿಕ್ಕದಾದ ಒಂದು ಮೆತ್ತೆ ಇರುತ್ತದೆ; ಅದರ ಅಂಟು ಒಣಗಿ ಕಳಚಿ ಬೀಳುತ್ತದೆ, ಆಗ ಹಾಡು ಬಂದು ಬಂದು ಹೋಗುತ್ತದೆ. ಆ ಮೆತ್ತೆಯನ್ನು ಮತ್ತೆ ಕೂರಿಸಬಹುದು, ಇಲ್ಲವೆ ಟೇಪನ್ನು ಬೇರೆ ಡಬ್ಬಿಗೆ ವರ್ಗಾಯಿಸಬಹುದು. 90 ನಿಮಿಷದ ಕ್ಯಾಸೆಟ್‌ಗಳ ಟೇಪು 60ರದ್ದಕ್ಕಿಂತ ತೆಳು, ಸಿಕ್ಕಿಕೊಳ್ಳುವ ಭಯ ಹೆಚ್ಚು. ಆದ್ದರಿಂದ ನುಡಿಸುವ ಮುನ್ನ ಪೆನ್ಸಿಲ್ ತೂರಿಸಿ ಸಡಿಲವನ್ನು ಬಿಗಿ ಮಾಡಿಕೊಳ್ಳಿ. ಟೇಪಿನ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಮಾತ್ರ ಅದನ್ನು ಯಾವ ಯಂತ್ರಕ್ಕೂ ಹಾಕದೆ ಬೇರೆ ಒಣ ಡಬ್ಬಿಯಲ್ಲಿಡಿ, ಏಕೆಂದರೆ ಅದು ಹೆಡ್ಡಿಗೆ ಅಂಟಿ ಉಳಿದ ಕ್ಯಾಸೆಟ್‌ಗಳಿಗೂ ಹರಡುತ್ತದೆ. ನಿಜವಾದ ಅಪಾಯ ಬೇರೆಯೇ ಇದೆ: ಒಳ್ಳೆಯ ಕ್ಯಾಸೆಟ್ ಡೆಕ್‌ಗಳೂ ಅವನ್ನು ರಿಪೇರಿ ಮಾಡಬಲ್ಲ ಕೈಗಳೂ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಗಾಬರಿ ಬೇಡ, ಆದರೆ ಮುಂದೂಡಲೂ ಬೇಡ. ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಬೈಠಕ್ ಕ್ಯಾಸೆಟ್‌ಗಳ ಬೆನ್ನಿನ ಎರಡು ತುದಿಗಳಲ್ಲಿರುವ ಪುಟ್ಟ ಪ್ಲಾಸ್ಟಿಕ್ ಎಸಳುಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ.

ಪ್ರತಿಯನ್ನು 24 ಬಿಟ್, 96 ಕಿಲೋಹರ್ಟ್ಸ್ ವೇವ್ ಕಡತವಾಗಿ ಮಾಡಿಸಿಕೊಳ್ಳಿ, ಕಡಿಮೆಯೆಂದರೆ 48 ಕಿಲೋಹರ್ಟ್ಸ್. ಮೊದಲನೆಯದರಲ್ಲಿ ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 2 ಜಿಬಿ ಜಾಗ ಬೇಕು, ಅಂದರೆ ನಿಮ್ಮ ಇಡೀ ಕಪಾಟು ಒಂದು ಸಾಧಾರಣ ಹಾರ್ಡ್ ಡಿಸ್ಕಿನಲ್ಲಿ ಹಿಡಿಯುತ್ತದೆ. ಎಂಪಿ3 ಹಂಚಲಿಕ್ಕೆ ಸಾಕು, ಇಟ್ಟುಕೊಳ್ಳಲಿಕ್ಕೆ ಸಾಲದು. ಎರಡು ಡಿಸ್ಕುಗಳಲ್ಲಿ ಎರಡು ಪ್ರತಿ ಮಾಡಿ, ಒಂದನ್ನು ತಮ್ಮನವರ ಮನೆಯಲ್ಲಿಡಿ. ಪ್ರತಿಯಾದ ಮೇಲೆ ಕ್ಯಾಸೆಟ್‌ಗಳನ್ನು ಎಸೆಯಬೇಡಿ.

ಪ್ಲೇಟುಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಮುಖ್ಯವಾಗಿ ಅರಗಿನ ಮಿಶ್ರಣದಿಂದ ಮಾಡಿದವು, ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಮೊಬೈಲ್ ಪರದೆ ಒರೆಸುವ ದ್ರಾವಣದಿಂದ ಉಜ್ಜಿ ಹೊಳಪಿನ ಜೊತೆಗೆ ಹಾಡನ್ನೂ ಒರೆಸಿಹಾಕಿದ ಪ್ಲೇಟುಗಳನ್ನು ನಾನು ನೋಡಿದ್ದೇನೆ. ಮೆದು ಬ್ರಷ್ಷಿನಿಂದ ಧೂಳು ತೆಗೆಯುವುದಷ್ಟೇ ನಿಮ್ಮ ಕೆಲಸವಾಗಲಿ. ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿನಲ್ಲಿ ನುಡಿಸಿ ನೋಡುವ ಆಸೆಯನ್ನೂ ತಡೆದುಕೊಳ್ಳಿ, ಅದರ ಭಾರ ಪ್ರತಿ ಸಲವೂ ಗೆರೆಯನ್ನು ಸವೆಸುತ್ತದೆ. ಹಗುರವಾದ ಟರ್ನ್‌ಟೇಬಲ್ಲಿನಲ್ಲಿ, 78ರ ಅಗಲವಾದ ಗೆರೆಗೆಂದೇ ಮಾಡಿದ ಮುಳ್ಳಿನಿಂದ ನುಡಿಸಬೇಕು. ನಂತರ ಬಂದ ಎಲ್‌ಪಿ (ಲಾಂಗ್ ಪ್ಲೇ) ಪ್ಲೇಟುಗಳ ಮುಳ್ಳು ಅದಕ್ಕಿಂತ ತುಂಬ ಸಣ್ಣದು. ಅದು ಗೆರೆಯ ತಳಕ್ಕಿಳಿದು ಅಲ್ಲಿನ ಕಸದ ಸದ್ದನ್ನೇ ಎತ್ತುತ್ತದೆ.

ಇನ್ನು ಯಾರೂ ಕೇಳದಿದ್ದರೂ ನಾನು ಎಲ್ಲರಿಗೂ ಹೇಳುವ ಮಾತು. ಹಾಡು ಉಳಿದು ಅದು ಯಾರದೆಂಬುದು ಕಳೆದುಹೋಗುವುದನ್ನು ನಾನು ದಿನವೂ ನೋಡುತ್ತೇನೆ, ಹಾಡೇ ಕಳೆದುಹೋಗುವುದಕ್ಕಿಂತ ಇದು ಹೆಚ್ಚು ಸಾಮಾನ್ಯ. ಭಾರತದ ಧ್ವನಿಮುದ್ರಣದ ಮೊದಲ ದಿನಗಳಲ್ಲಿ ಈ ಸಮಸ್ಯೆಗೆ ಸರಳ ಪರಿಹಾರವಿತ್ತು. 1902ರಲ್ಲಿ ಕಲ್ಕತ್ತದಲ್ಲಿ ಗೌಹರ್ ಜಾನ್ ಹಾಡಿದ ಮೊದಲ ಪ್ಲೇಟುಗಳ ಕೊನೆಯಲ್ಲಿ ಅವರೇ ತಮ್ಮ ಹೆಸರನ್ನು ಹೇಳುತ್ತಾರೆ. ಮೇಣದ ಮೂಲಪ್ರತಿಗಳು ಜರ್ಮನಿಯ ಹಾನೋವರಿಗೆ ಹೋಗಿ ಅಲ್ಲಿ ಪ್ಲೇಟುಗಳಾಗುತ್ತಿದ್ದವು. ಯಾವುದರ ಮೇಲೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಈ ಕ್ರಮ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡ ಆ ಗಾಯಕಿಯ ಹೆಸರನ್ನು ಶತಮಾನ ಕಳೆದರೂ ಅವರ ಪ್ಲೇಟುಗಳಿಂದ ಯಾರೂ ಬೇರ್ಪಡಿಸಲಾಗಿಲ್ಲ.

ನಿಮ್ಮ ಕ್ಯಾಸೆಟ್‌ಗಳಿಗೆ ಆ ಭಾಗ್ಯವಿಲ್ಲ. ಅಂಗಡಿಯ ಕ್ಯಾಸೆಟ್‌ಗಳ ಹೊದಿಕೆ ಚೀಟಿಯಲ್ಲಿ ಗಾಯಕರ, ಎಷ್ಟೋ ಸಲ ತಬಲಾ ಮತ್ತು ಹಾರ್ಮೋನಿಯಂ ವಾದಕರ ಹೆಸರುಗಳಿರುತ್ತವೆ. ಕಂಪ್ಯೂಟರಿಗೆ ಬಂದೊಡನೆ ಆ ಚೀಟಿ ಹಿಂದುಳಿದು, ‘ಟ್ರ್ಯಾಕ್ 1’ ಮುಂದೆ ಹೋಗುತ್ತದೆ. ಚೀಟಿಯ ಎರಡೂ ಬದಿ, ಕ್ಯಾಸೆಟ್‌ನ ಎರಡೂ ಮೈ, ಪ್ಲೇಟಿನ ನಡುವಿನ ಲೇಬಲ್ ಇವುಗಳ ಫೋಟೊ ತೆಗೆದು ಹಾಡಿನ ಕಡತದ ಜೊತೆಗೇ ಅದೇ ಸಂಖ್ಯೆಯಲ್ಲಿಡಿ. ಲೇಬಲ್‌ಗಳನ್ನು ನಿಧಾನವಾಗಿ ಓದಿ. ಗಂಗೂಬಾಯಿ ಹಾನಗಲ್ ಅವರ ಆರಂಭದ ಪ್ಲೇಟುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಧ್ವನಿ ಗಡಸಾಯಿತು, ಅದಕ್ಕೂ ಮೊದಲಿನ ಧ್ವನಿ ತೆಳುವಾಗಿ, ಎತ್ತರದಲ್ಲಿತ್ತು. ನಾವು ಬಲ್ಲ ಗಂಗಜ್ಜಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೆ ಅದು ಬೇರೆ ಯಾರದೋ ಪ್ಲೇಟು ಎಂದು ಬದಿಗಿಡುವ ಸಂಭವವಿದೆ. ನಿಮ್ಮ 30ರಲ್ಲಿ ಅಂಥದ್ದೊಂದು ಇದ್ದರೆ ಆಶ್ಚರ್ಯವಿಲ್ಲ.

ಚೀಟಿಯಲ್ಲಿಲ್ಲದ್ದು ನಿಮ್ಮ ತಾಯಿಯವರ ನೆನಪಿನಲ್ಲಿದೆ. ಯಾವ ಬೈಠಕ್ ಯಾವ ಹಬ್ಬದ ಮರುದಿನ ನಡೆಯಿತು, ತಬಲಾಕ್ಕೆ ಯಾರು ಕುಳಿತಿದ್ದರು, ನಡುವೆ ಕೆಮ್ಮಿದವರು ಯಾರು, ನಿಮ್ಮ ತಂದೆಯವರು ಯಾವ ಜಾಗಕ್ಕೆ ‘ವ್ಹಾ’ ಎನ್ನುತ್ತಿದ್ದರು, ಇವನ್ನು ಹೇಳಬಲ್ಲವರು ಅವರೊಬ್ಬರೇ ಇರಬಹುದು. ಆದ್ದರಿಂದ ಪ್ರತಿ ಮಾಡಿಸುವ ಮೊದಲೇ, ಟೇಪು ಚೆನ್ನಾಗಿದ್ದರೆ, ಅವರನ್ನು ಕೂರಿಸಿಕೊಂಡು ಕೇಳಿಸಿ. ಎದುರಿಗೆ ಮೊಬೈಲ್ ರೆಕಾರ್ಡರ್ ಓಡುತ್ತಿರಲಿ, ಪ್ರಶ್ನೆ ಕಡಿಮೆ ಇರಲಿ. ಒಂದು ಮಧ್ಯಾಹ್ನಕ್ಕೆ ಒಂದು ಕ್ಯಾಸೆಟ್ ಸಾಕು. ಕೆಲಸದ ಕ್ರಮದಲ್ಲಿ ಇದನ್ನು ನಾನು ಎಲ್ಲಕ್ಕಿಂತ ಮುಂದೆ ಇಡುತ್ತೇನೆ.

ಈಗ ಕಾನೂನು. ಹಾಡಿದವರ ಹೆಸರು ಹಾಕಿದರೆ ಸಾಕು, ಹಣ ಮಾಡದಿದ್ದರೆ ತಪ್ಪಿಲ್ಲ, 30 ಸೆಕೆಂಡು ಮೀರದಿದ್ದರೆ ಅಡ್ಡಿಯಿಲ್ಲ, ಹಳೆಯ ಹಾಡಿಗೆ ಯಾರ ಹಕ್ಕೂ ಇಲ್ಲ ಎಂಬ ನಾಲ್ಕು ಮಾತುಗಳನ್ನು ಬಹಳ ಜನ ನಂಬಿದ್ದಾರೆ. ನಾಲ್ಕಕ್ಕೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಆಧಾರವಿಲ್ಲ. ಹೆಸರು ಹಾಕುವುದು ಸೌಜನ್ಯ ಮತ್ತು ಕರ್ತವ್ಯ, ಅದು ಅನುಮತಿಯಲ್ಲ. ಸ್ವಂತದ, ಖಾಸಗಿ ಬಳಕೆಗಾಗಿ ಮಾಡಿಕೊಳ್ಳುವ ಪ್ರತಿಗೆ ಕಾಯ್ದೆ ಅವಕಾಶ ಕೊಡುತ್ತದೆ, ಆದ್ದರಿಂದ ನಿಮ್ಮ ಕ್ಯಾಸೆಟ್‌ಗಳನ್ನು ಮನೆಮಟ್ಟಿಗೆ ಡಿಜಿಟಲ್ ಮಾಡಿಕೊಳ್ಳುವುದಕ್ಕೆ ಅಂಜಬೇಕಿಲ್ಲ. ಮನೆಯವರು ಎಂದರೆ ಎಷ್ಟು ಜನ ಎಂದು ಕಾಯ್ದೆ ಎಣಿಸಿ ಹೇಳಿಲ್ಲ. ಅಮ್ಮ, ತಮ್ಮ, ಮಕ್ಕಳು ಕೇಳುವುದು ಒಂದು, 500 ಜನರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಇನ್ನೊಂದು, ಯೂಟ್ಯೂಬಿಗೆ ಏರಿಸುವುದಂತೂ ಸಾರ್ವಜನಿಕ ಪ್ರಸಾರವೇ.

ಒಂದೇ ಹಾಡಿನಲ್ಲಿ ಹಲವು ಹಕ್ಕುಗಳು ಪದರಪದರವಾಗಿರುತ್ತವೆ, ಗೊಂದಲಕ್ಕೆ ಮೂಲ ಅದೇ. ಶಿಶುನಾಳ ಶರೀಫರ ಪದವನ್ನು ಅಶ್ವಥ್ ಹಾಡಿರುವ ಕ್ಯಾಸೆಟ್ ತೆಗೆದುಕೊಳ್ಳಿ. ಶರೀಫರು 1889ರಲ್ಲಿ ತೀರಿಕೊಂಡವರು, ಅವರ ಸಾಹಿತ್ಯ ಎಲ್ಲರದು. ಅದಕ್ಕೆ ಅಶ್ವಥ್ ಹೊಸದಾಗಿ ಕಟ್ಟಿದ ರಾಗಸಂಯೋಜನೆಗೆ ಬೇರೆಯೇ ಹಕ್ಕಿದೆ. ಕೃತಿಕಾರರು ತೀರಿಕೊಂಡ ವರ್ಷದ ನಂತರ 60 ವರ್ಷ ಎಂಬುದು ನಿಯಮವಾದ್ದರಿಂದ, 2009ರಲ್ಲಿ ತೀರಿಕೊಂಡ ಅವರ ಸಂಯೋಜನೆಯ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಅದನ್ನು ತಯಾರಿಸಿದ ಸಂಸ್ಥೆಯದು, ಅದು ಪ್ರಕಟವಾದ ವರ್ಷದ ನಂತರ 60 ವರ್ಷ. ಬೇಂದ್ರೆಯವರ ಕವಿತೆಯ ಭಾವಗೀತೆಯಾದರೆ ಸಾಹಿತ್ಯದ ಹಕ್ಕೂ ಜೀವಂತ. ಅವರು ತೀರಿಕೊಂಡದ್ದು 1981ರಲ್ಲಿ, ಹಕ್ಕು 2041ರ ಕೊನೆಯವರೆಗೆ. ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ಪುರಂದರದಾಸರ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ, ಆ ಕ್ಯಾಸೆಟ್‌ಗೆ ಕೇಳಬೇಕು.

ಇದೇ ಲೆಕ್ಕದಲ್ಲಿ ನಿಮ್ಮ ಪ್ಲೇಟುಗಳು ನಿಮಗೆ ಹೆಚ್ಚು ಸ್ವಾತಂತ್ರ್ಯ ಕೊಡುತ್ತವೆ. 1960ರಲ್ಲಿ ಪ್ರಕಟವಾದ ಪ್ಲೇಟಿನ ಧ್ವನಿಮುದ್ರಣದ ಹಕ್ಕು ನಮ್ಮ ದೇಶದಲ್ಲಿ 2020ರ ಕೊನೆಗೆ ಮುಗಿದಿದೆ. ಮನ್ಸೂರರು 1930ರ ದಶಕದಲ್ಲಿ ಕೊಟ್ಟ ಮೂರು ಮೂರು ನಿಮಿಷದ ಪ್ಲೇಟುಗಳಲ್ಲಿ ಪರಂಪರೆಯ ಬಂದಿಶ್ (ಹಿಂದಿನಿಂದ ಬಂದ ರಾಗರಚನೆ) ಇದ್ದರೆ ಅವನ್ನು ಸಾರ್ವಜನಿಕವಾಗಿ ಹಂಚಲು ಕಾನೂನಿನ ಅಡ್ಡಿ ಬಹುತೇಕ ಇಲ್ಲ. ಹಾಗಿದ್ದರೂ ಯೂಟ್ಯೂಬಿನ ಯಂತ್ರ ಹೋಲಿಕೆ ಕಂಡು ಹಕ್ಕಿನ ತಕರಾರು (ಕ್ಲೇಮ್) ಎತ್ತಬಹುದು, ಬೇರೆ ದೇಶಗಳ ನಿಯಮವೂ ಬೇರೆ. ಆಗ ನಿಮ್ಮ ಕೈಯಲ್ಲಿರುವ ಲೇಬಲ್ ಫೋಟೊ ಮತ್ತು ಪ್ರಕಟಣೆಯ ವರ್ಷವೇ ಸಾಕ್ಷಿ. ಈ ತಕರಾರಿನಿಂದ ಸಾಮಾನ್ಯವಾಗಿ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗುತ್ತದೆ ಅಥವಾ ವಿಡಿಯೊ ತಡೆಹಿಡಿಯಲ್ಪಡುತ್ತದೆ, ಅಷ್ಟೆ. ಆದರೆ ಹಕ್ಕುದಾರರು ದೂರು ಕೊಟ್ಟು ತೆಗೆಸಿದರೆ ಅದು ‘ಸ್ಟ್ರೈಕ್’. 90 ದಿನಗಳೊಳಗೆ ಮೂರಾದರೆ ಚಾನೆಲ್ಲೇ ಮುಚ್ಚಿಹೋಗಬಹುದು. 200 ಕ್ಯಾಸೆಟ್‌ಗಳನ್ನು ಒಟ್ಟಿಗೆ ಏರಿಸುವ ತಮ್ಮನವರ ಯೋಜನೆಯಲ್ಲಿ ಇರುವ ಅಪಾಯ ಇದು: ಅನುಮತಿಯಿಲ್ಲದ ಚಿತ್ರಗೀತೆಗಳಿಂದಾಗಿ ಬೇರೆಲ್ಲೂ ಸಿಗದ ಬೈಠಕ್ಕೂ ಮಾಯವಾದೀತು. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್‌ಗಳ ಹಾಡುಗಳಲ್ಲಿ ಬಹಳಷ್ಟನ್ನು ಹಕ್ಕುದಾರ ಸಂಸ್ಥೆಗಳೇ ಅಂತರ್ಜಾಲಕ್ಕೆ ಏರಿಸಿವೆ. ಅವುಗಳ ಕೊಂಡಿ ಕಳಿಸಿ, ಕೆಳಗೆ ನಿಮ್ಮ ತಂದೆಯವರ ಮಾತೊಂದನ್ನು ಬರೆಯಿರಿ. ನಿಮ್ಮ ಪ್ರತಿಗಿಂತ ಅದರ ಧ್ವನಿಯೂ ಚೆನ್ನಾಗಿರುತ್ತದೆ, ಕಲಾವಿದರ ವಾರಸುದಾರರಿಗೂ ನ್ಯಾಯವಾಗುತ್ತದೆ. ಆಕಾಶವಾಣಿಯಿಂದ ತುಂಬಿಸಿಕೊಂಡವು ಮನೆಯೊಳಗೇ ಇರಲಿ. ಅಲ್ಲಿ ಪ್ರಸಾರ ಸಂಸ್ಥೆಯ ಹಕ್ಕಿನ ಜೊತೆಗೆ ಕಾರ್ಯಕ್ರಮದ ನಂತರ 50 ವರ್ಷಗಳ ಕಲಾವಿದರ ಹಕ್ಕೂ ಇದೆ.

ಚಿಕ್ಕಪ್ಪನವರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮನ್ಸೂರರನ್ನು ಎದುರಿಗೆ ಕುಳಿತು ಕೇಳಿದ ತಲೆಮಾರಿನವರಿಗೆ ಆ ಗಾಯನ ಎರಡು ಜಾಹೀರಾತುಗಳ ನಡುವೆ ತುಣುಕಾಗಿ ಬರುವುದು ನೋವಿನ ಸಂಗತಿ. ಆದರೆ ಪ್ರಕಾರಗಳ ನಡುವಿನ ಗೋಡೆಯನ್ನು ಆ ಕಲಾವಿದರೇ ಕಟ್ಟಿಕೊಂಡಿರಲಿಲ್ಲ. ಮನ್ಸೂರರ ಸಂಗೀತ ಆರಂಭವಾದದ್ದು ನಾಟಕ ಕಂಪನಿಯಲ್ಲಿ. ಜೈಪುರ ಘರಾಣೆಯ ಅಪರೂಪದ ರಾಗಗಳನ್ನು ಹಾಡಿದ ಕಂಠದಲ್ಲೇ ಅವರು ವಚನಗಳನ್ನೂ ಹಾಡಿದರು. ಭೀಮಸೇನ ಜೋಶಿಯವರು 1966ರ ‘ಸಂಧ್ಯಾರಾಗ’ ಎಂಬ ಕನ್ನಡ ಚಿತ್ರಕ್ಕೆ ಹಾಡಿದ್ದರು. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಮಾಳವದ ಹಳ್ಳಿಗಳ ಹಾಡಿನೊಳಗೆ ರಾಗಗಳನ್ನು ಕಂಡರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತ ಕದ್ರಿ ಗೋಪಾಲನಾಥರು ಆ ವಾದ್ಯದಲ್ಲಿ ಗಮಕ ನುಡಿಯುವಂತೆ ಮಾಡಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯವರೆಗೂ ಕರ್ನಾಟಕ ಸಂಗೀತವನ್ನು ಒಯ್ದರು. ಅಗೌರವವಾಗುವುದು ಪಕ್ಕದಲ್ಲಿಡುವುದರಿಂದಲ್ಲ, ಹೆಸರಿಲ್ಲದೆ, ತುಂಡರಿಸಿ, ಗುಡ್ಡೆ ಹಾಕುವುದರಿಂದ.

ಆದ್ದರಿಂದ ನನ್ನ ಸಲಹೆ, ವಾರಕ್ಕೊಂದೇ ಹಾಡು. 300 ಕಡತಗಳ ಗಂಟನ್ನು ಕಳಿಸಿದರೆ ಯಾರೂ ಬಿಚ್ಚುವುದಿಲ್ಲ. ಒಂದು ಹಾಡು, ಅದರ ಜೊತೆ ಎಂಟು ಹತ್ತು ಸಾಲು: ಯಾರು ಹಾಡಿದ್ದು, ಯಾವ ರಾಗ, ಪಕ್ಕವಾದ್ಯದವರು ಯಾರು, ನಿಮ್ಮ ತಂದೆಯವರು ಇದನ್ನು ಯಾವಾಗ ಕೇಳುತ್ತಿದ್ದರು, ಎಷ್ಟನೆಯ ನಿಮಿಷದಲ್ಲಿ ಕಿವಿಗೊಡಬೇಕು. ಗೊತ್ತಿಲ್ಲದ ಹೆಸರನ್ನು ಊಹಿಸಿ ಬರೆಯಬೇಡಿ, ಜಾಗ ಖಾಲಿ ಬಿಡಿ. ಬಂಧುಗಳಲ್ಲಿ ಯಾರಾದರೂ ತುಂಬುತ್ತಾರೆ. ಮಕ್ಕಳಿಗೆ ನಿಧಾನಲಯದ ವಿಲಂಬಿತ ಖಯಾಲಿನಿಂದ ಆರಂಭಿಸಬೇಕೆಂದೇನೂ ಇಲ್ಲ. ಬಿರುಸಾದ ಲಯ ಇಷ್ಟಪಡುವವರಿಗೆ ಚೆಂಡೆ ಮದ್ದಳೆಗಳ ನಡುವೆ ಏರುವ ನಾವಡರ ಭಾಗವತಿಕೆ ಬೇಗ ಹಿಡಿಸುತ್ತದೆ. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಅವರನ್ನು ಇಂದಿನವರು ಬಲ್ಲದ್ದು ಬಹುಪಾಲು ನಿಮ್ಮಲ್ಲಿರುವಂಥ ಕ್ಯಾಸೆಟ್‌ಗಳಿಂದಲೇ. ಚಿತ್ರಗೀತೆಯಿಂದ ಭಾವಗೀತೆಗೆ, ಅಲ್ಲಿಂದ ವಚನಕ್ಕೆ, ವಚನ ಹಾಡಿದ ಮನ್ಸೂರರಿಂದ ಅವರ ರಾಗಗಳಿಗೆ ದಾರಿ ಸುಲಭವಾಗಿದೆ. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಮನೆಯವರಿಗೆ ಕಳಿಸುವಾಗ ಕಡತವನ್ನು ‘ಡಾಕ್ಯುಮೆಂಟ್’ ಎಂದು ಕಳಿಸಿ, ಧ್ವನಿ ಕುಗ್ಗುವುದಿಲ್ಲ. ಸ್ಪೀಕರಿನ ಎದುರು ಫೋನು ಹಿಡಿದು ವಾಯ್ಸ್ ಮೆಸೇಜ್ ಮಾಡಿದರೆ ತಂಬೂರಿ ಮತ್ತೆ ಮಾಯ.

ಉಳಿದದ್ದು ಬೈಠಕ್ ಕ್ಯಾಸೆಟ್‌ಗಳು. ನಿಮ್ಮ ಸಂಗ್ರಹದ ಜೀವಾಳ ಅವೇ. ಉಳಿದವುಗಳ ಪ್ರತಿ ಎಲ್ಲೋ ಸಿಕ್ಕೀತು, ಇವುಗಳದ್ದು ಸಿಗದು. ಮನೆಯ ಬೈಠಕ್ಕಿನಲ್ಲಿ ಹಾಡಿದವರು ಅದನ್ನು ಆ ಕೋಣೆಯಲ್ಲಿದ್ದವರಿಗಾಗಿ ಹಾಡಿದ್ದರು. ಅಂದು ಗಂಟಲು ಕೈಕೊಟ್ಟಿರಬಹುದು, ಇನ್ನೂ ಪಕ್ವವಾಗದ ರಾಗವನ್ನು ಸಲುಗೆಯಿಂದ ಹಾಡಿರಬಹುದು. ಖಾಸಗಿ ಬಳಕೆಗೆ ಮುದ್ರಿಸಿಕೊಳ್ಳಲು ಕಾಯ್ದೆ ಬಿಟ್ಟಿದೆ, ಪ್ರಕಟಿಸಲು ಅವರ ಅಥವಾ ಅವರ ಮನೆಯವರ ಒಪ್ಪಿಗೆ ಬೇಕು. ನಾನು ಕಂಡಂತೆ ಹೆಚ್ಚಿನ ಮನೆಯವರು ಸಂತೋಷದಿಂದ ಒಪ್ಪುತ್ತಾರೆ, ಎಷ್ಟೋ ಸಲ ಅವರ ಬಳಿಯೇ ಆ ಧ್ವನಿಯ ಒಂದು ತುಣುಕೂ ಇರುವುದಿಲ್ಲ. ಯಾರಾದರೂ ಬೇಡವೆಂದರೆ ಏರಿಸಬೇಡಿ. ಅಂಥ ಮುದ್ರಿಕೆಯನ್ನು ಗುರುಗ್ರಾಮದ ಎಥ್ನೊಮ್ಯೂಸಿಕಾಲಜಿ (ಜನಸಮುದಾಯಗಳ ಸಂಗೀತದ ಅಧ್ಯಯನ) ಅಭಿಲೇಖಾಗಾರದಂಥ ಸಂಸ್ಥೆಗೆ, ಯಾರು ಕೇಳಬಹುದು ಎಂಬ ಷರತ್ತಿನೊಂದಿಗೆ ಒಪ್ಪಿಸುವ ದಾರಿಯಿದೆ. ವರ್ಷಾಂತಿಕಕ್ಕೆ ಇನ್ನು ನಾಲ್ಕು ತಿಂಗಳು. ಪ್ರತಿ ಮಾಡಿಸುವ ಕೆಲಸ ಅಷ್ಟರಲ್ಲಿ ಅರ್ಧವಾದರೂ ಸಾಕು, ಆದರೆ ಒಪ್ಪಿಗೆಯ ಪತ್ರಗಳನ್ನು ಈ ವಾರವೇ ಬರೆಯಿರಿ. ವಿಳಾಸ ಹುಡುಕುವುದಕ್ಕೂ ಉತ್ತರ ಬರುವುದಕ್ಕೂ ಸಮಯ ಹಿಡಿಯುತ್ತದೆ. ಪತ್ರದ ಜೊತೆಗೆ ಅವರ ಹಿರಿಯರ ಗಾಯನದ ಒಂದು ಪ್ರತಿಯನ್ನು, ಅವರು ಒಪ್ಪಲಿ ಬಿಡಲಿ, ಕಳಿಸಿಕೊಡಿ.